ಎರಡು ಪ್ರೋಗ್ರಾಂ, ಒಂದೇ ಮೆಮರಿ: ಮೂರನೇ ವಾರ

ಕಳೆದ ವಾರ ಪೈಪ್ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಹರಿಸುವ ಕೊಳವೆ) ಹತ್ತಿರ ನಿಲ್ಲಿಸಿದ್ದೆ. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಕ್ಯಾಮೆರಾದಿಂದ ಫ್ರೇಮ್ ತರುತ್ತದೆ, ಇನ್ನೊಂದು ಅದನ್ನು ವಿಂಡೋದಲ್ಲಿ ತೋರಿಸುತ್ತದೆ. 1920×1080ರ ಫ್ರೇಮ್‌ಗೆ, ಪಿಕ್ಸೆಲ್‌ಗೆ 4 ಬೈಟ್ ಹಿಡಿದರೆ, 82,94,400 ಬೈಟ್. ಸೆಕೆಂಡಿಗೆ 60 ಫ್ರೇಮ್ ಅಂದರೆ ಹತ್ತಿರ ಹತ್ತಿರ 500 ಎಂಬಿ. ಪೈಪ್‌ನ ಹೊಟ್ಟೆ ಮಾಮೂಲಾಗಿ 64 ಕೆಬಿ ಅಷ್ಟೇ. ಪ್ರತಿ ಫ್ರೇಮೂ ಚೂರು ಚೂರಾಗಿ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಹೋಗಿ, ಚೂರು ಚೂರಾಗಿ ಹೊರಗೆ ಬರಬೇಕು. ಫ್ಯಾನ್ ಸುಮ್ನೆ ಕೂಗುತ್ತಿರಲಿಲ್ಲ.

ಹಾಗಾಗಿ ಶೇರ್ಡ್ ಮೆಮರಿ, ಅಂದರೆ ಎರಡೂ ಪ್ರೋಗ್ರಾಂಗೆ ಕಾಣುವ ಒಂದೇ ಮೆಮರಿ. ತೆರೆಯೋಕೆ ಎಸ್‌ಎಚ್‌ಎಂ_ಓಪನ್, ಗಾತ್ರಕ್ಕೆ ಎಫ್‌ಟ್ರಂಕೇಟ್, ಆಮೇಲೆ ಪ್ರೋಗ್ರಾಂನ ವಿಳಾಸಗಳೊಳಗೆ ತರೋಕೆ ಎಮ್‌ಮ್ಯಾಪ್. ಮೂರೇ ಕಾಲ್. ನಡುವಿನದನ್ನು ಬಿಟ್ಟರೆ ಗಾತ್ರ ಸೊನ್ನೆ, ಮೊದಲ ಬೈಟ್ ಮುಟ್ಟಿದ ಕೂಡಲೇ ಸಿಗ್‌ಬಸ್ ಅನ್ನುವ ಸಿಗ್ನಲ್ ಬಂದು ಪ್ರೋಗ್ರಾಂ ಬೀಳುತ್ತದೆ. ಬಿಟ್ಟಿದ್ದೆ.

ಜಾಸ್ತಿ ಹೊತ್ತು ತಿಂದದ್ದು ಬೇರೆಯದು. ಹೆಡರ್‌ನಲ್ಲಿ (ಆ ಮೆಮರಿಯ ಶುರುವಿನಲ್ಲಿ ವಿವರ ಇಡುವ ಭಾಗ) ಕ್ಯಾಮೆರಾದ ಹೆಸರಿಗೆ ಸಿ ಪ್ಲಸ್ ಪ್ಲಸ್‌ನ ಸ್ಟ್ರಿಂಗ್ ಹಾಕಿದ್ದೆ. ಫೋರ್ಕ್ ಮಾಡಿ, ಅಂದರೆ ಒಂದು ಪ್ರೋಗ್ರಾಂನಿಂದಲೇ ಅದರ ನಕಲು ಹುಟ್ಟಿಸಿ, ನೋಡಿದಾಗ ಎಲ್ಲ ಸರಿ ಇತ್ತು. ಎರಡನ್ನೂ ಬೇರೆ ಬೇರೆ ಟರ್ಮಿನಲ್‌ನಿಂದ ಓಡಿಸಿದ್ದೇ ತಡ, ತೋರಿಸುವ ಪ್ರೋಗ್ರಾಂ ಬಿತ್ತು. ಹೆಸರು ಐದೇ ಅಕ್ಷರ, ಹೀಪ್‌ಗೆ (ಪ್ರತಿ ಪ್ರೋಗ್ರಾಂ ಬೇಕಾದಾಗ ಕೇಳಿ ಪಡೆಯುವ ಸ್ವಂತ ಮೆಮರಿ) ಹೋಗೋದೇ ಇಲ್ಲ, ಅಲ್ವಾ? ಜಿಸಿಸಿ ಕಂಪೈಲರ್ ಜೊತೆ ಬರುವ ಲೈಬ್ರರಿಯಲ್ಲಿ 15 ಅಕ್ಷರದವರೆಗಿನ ಸ್ಟ್ರಿಂಗ್ ತನ್ನೊಳಗೇ ಇರುತ್ತದೆ, ನಿಜ. ಆದರೆ ಆ ಜಾಗಕ್ಕೂ ಒಂದು ಪಾಯಿಂಟರ್, ಅಂದರೆ ಅದರ ವಿಳಾಸ, ಇಟ್ಟುಕೊಂಡಿರುತ್ತದೆ! ಫೋರ್ಕ್ ಆದಾಗ ಎರಡೂ ಕಡೆ ವಿಳಾಸ ಒಂದೇ, ಹಾಗಾಗಿ ಬಚಾವ್. ಬೇರೆಯಾಗಿ ಶುರುವಾದರೆ ಅದೇ ಮೆಮರಿ ಇನ್ನೊಂದು ವಿಳಾಸದಲ್ಲಿ ಕೂರುತ್ತದೆ. ಈಗ 32 ಬೈಟಿನ ಸಾದಾ ಅರೇ, ಪಾಯಿಂಟರ್ ಇದ್ದಲ್ಲೆಲ್ಲ ಆಫ್‌ಸೆಟ್ (ಮೆಮರಿಯ ಶುರುವಿನಿಂದ ಎಷ್ಟು ದೂರ ಅನ್ನುವ ಲೆಕ್ಕ).

ಆಮೇಲೆ ಚಿತ್ರ ಹರಿಯಿತು: ಮೇಲರ್ಧ ಹೊಸ ಫ್ರೇಮ್, ಕೆಳಗರ್ಧ ಹಳೆಯದು. ಮ್ಯೂಟೆಕ್ಸ್ ಹಾಕಿದೆ, ಒಂದು ಸಲಕ್ಕೆ ಒಬ್ಬನೇ ಹಿಡಿಯಬಹುದಾದ ಬೀಗ. ಅದನ್ನು ಹಿಡಿದಿದ್ದಾಗಲೇ ಬರೆಯುವ ಪ್ರೋಗ್ರಾಂಗೆ ಕಿಲ್ ಕೊಟ್ಟರೆ ಇನ್ನೊಂದು ಕಾಯುತ್ತಾ ಕೂತೇಬಿಟ್ಟಿತು. ರೋಬಸ್ಟ್ ಮ್ಯೂಟೆಕ್ಸ್ ಆದರೆ ಹಿಡಿದವನು ಸತ್ತ ಸುದ್ದಿಯನ್ನಾದರೂ ಹೇಳುತ್ತದೆ. ಆದರೂ 8 ಎಂಬಿ ಕಾಪಿ ಆಗುವವರೆಗೆ ಬೀಗ ಹಾಕಿಡೋದು ನನಗೆ ಹಿಡಿಸಲಿಲ್ಲ.

ಕೊನೆಗೆ ಮೂರು ಬಫರ್, ಒಂದೊಂದರಲ್ಲೂ ಒಂದು ಫ್ರೇಮಿಗೆ ಜಾಗ. ಒಂದು ಬರೆಯುವವನ ಕೈಯಲ್ಲಿ, ಒಂದು ಓದುವವನ ಕೈಯಲ್ಲಿ, ಒಂದು ಮೇಜಿನ ಮೇಲೆ. ಬರೆದು ಮುಗಿಸಿದವನು ತನ್ನದನ್ನಿಟ್ಟು ಮೇಜಿನ ಮೇಲಿದ್ದದ್ದನ್ನು ಎತ್ತಿಕೊಳ್ಳುತ್ತಾನೆ. ಓದುವವನೂ ಹಾಗೇ. ಒಂದೇ ಅಟಾಮಿಕ್ ಎಕ್ಸ್‌ಚೇಂಜ್ (ನಡುವೆ ಯಾರೂ ನುಗ್ಗಲಾಗದ ಅದಲುಬದಲು), ಬೀಗ ಇಲ್ಲ. ಮೊದಲ ಸಲ ಓಡಿಸಿ ಕ್ಯಾಮೆರಾ ಮುಂದೆ ಕೈ ಬೀಸಿದೆ. ತೆರೆಯ ಮೇಲೆ ಕೈ ಮುಂದೆ ಹೋಗಿ, ಚೂರು ಹಿಂದೆ ಬಂದು, ಮತ್ತೆ ಮುಂದೆ ಹೋಯಿತು. ಹೊಸ ಫ್ರೇಮ್ ಬರದೇ ಇದ್ದಾಗಲೂ ಓದುವವನು ಅದಲುಬದಲು ಮಾಡಿ ಹಳೆಯದನ್ನು ಎತ್ತಿಕೊಳ್ಳುತ್ತಿದ್ದ. ಮೇಜಿನ ಮೇಲಿನ ಬಫರ್‌ನ ಇಂಡೆಕ್ಸ್ ಪಕ್ಕ 'ಹೊಸದು' ಅನ್ನುವ ಒಂದು ಬಿಟ್ ಸೇರಿಸಿದ ಮೇಲೆ ನಿಂತಿತು. ಫ್ಯಾನೂ ಸುಮ್ಮನಾಯಿತು.

ಉಳಿದದ್ದು ಒಂದು. ಬರೆಯುವವನು ಸತ್ತು ಮತ್ತೆ ಎದ್ದರೆ ತನ್ನ ಬಫರ್ ಯಾವುದೆಂದು ಅವನಿಗೇ ಗೊತ್ತಿಲ್ಲ, ಅದು ಲೋಕಲ್ ವೇರಿಯಬಲ್‌ನಲ್ಲಿತ್ತು. ಈಗ ಹೆಡರ್‌ನಲ್ಲಿ ಬರೆದಿಡುತ್ತಿದ್ದೇನೆ. ಆದರೆ ಅದಲುಬದಲು ಆದ ಮೇಲೆ, ಬರೆದಿಡುವ ಮುಂಚೆ, ಆ ಸಂದಿಯಲ್ಲೇ ಸತ್ತರೆ? ಇನ್ನೂ ಹೊಳೆದಿಲ್ಲ.