ಬರಿಗಾಲಿನ ಲೆಕ್ಕ: ಮೈಸೂರಿನ ನೆಲದ ಮೇಲೆ ಏಳು ತಿಂಗಳು

ಇದು ಶುರುವಾಗಿದ್ದು ಹವಾಯಿ ಚಪ್ಪಲಿಯ ಬಾರು ಕಿತ್ತುಹೋಗಿದ್ದರಿಂದ. ಅಕ್ಟೋಬರ್ ಕೊನೆಯ ಭಾನುವಾರ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದೆ. ಇನ್ನೂ ಅರ್ಧ ಸುತ್ತು ಬಾಕಿ ಇತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಉಳಿದ ದಾರಿಯನ್ನು ಬರಿಗಾಲಲ್ಲೇ ನಡೆದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ಮರದ ನೆರಳಿದ್ದ ಕಡೆ ಮಣ್ಣು ತಣ್ಣಗೆ, ಸ್ವಲ್ಪ ಅಂಟಂಟು. ಬಿಸಿಲು ಬಿದ್ದ ಕಡೆ ಆಗಲೇ ಒಣಗಿ ಮೇಲೆ ಮರಳು ಬಿಟ್ಟುಕೊಂಡಿತ್ತು. ಹತ್ತು ವರ್ಷದಿಂದ ಅದೇ ದಾರಿಯಲ್ಲಿ ನಡೆದಿದ್ದೇನೆ. ಕೆರೆಯ ಹೆಜ್ಜಾರ್ಲೆಗಳು ಯಾವ ಮರದ ಮೇಲೆ ಕೂರುತ್ತವೆ ಅಂತ ಗೊತ್ತು. ಕಾಲ ಕೆಳಗಿನ ನೆಲ ಹೇಗಿದೆ ಅನ್ನೋದು ಮಾತ್ರ ಗೊತ್ತೇ ಇರಲಿಲ್ಲ.

ಮನೆಗೆ ಬಂದು ಒಂದು ನೋಟ್‌ಬುಕ್ ತೆಗೆದುಕೊಂಡೆ. ಮುಂದಿನದೆಲ್ಲ ಅದರಿಂದಲೇ.

ನವೆಂಬರ್ 3

ಮೊದಲು ಕಟ್ಟುಪಾಡು. ಸ್ಕೂಟರ್ ಮೇಲೆ ಬರಿಗಾಲು ಬೇಡವೇ ಬೇಡ. ಆಫೀಸಿನಲ್ಲಿ ಚಪ್ಪಲಿ ಹಾಕಬೇಕು. ಬ್ಯಾಗಿನಲ್ಲಿ ಯಾವಾಗಲೂ ಒಂದು ಜೊತೆ ಇರಬೇಕು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೆಜ್ಜೆ ಇಡುವಂತಿಲ್ಲ. ಇಂಜೆಕ್ಷನ್ ಕೂಡ ಹಾಕಿಸಿಕೊಂಡೆ. ನಾವು ಈಗಲೂ ಟಿಟಿ ಅಂತಲೇ ಹೇಳುತ್ತೇವೆ, ಈಗ ಕೊಡೋದು ಡಿಫ್ತೀರಿಯಾ ಲಸಿಕೆಯೂ ಸೇರಿದ ಟಿಡಿ. ಇದನ್ನು ಓದಿ ಯಾರಾದರೂ ಚಪ್ಪಲಿ ಬಿಡುವ ಮನಸ್ಸು ಮಾಡಿದರೆ ಮೊದಲು ಈ ಕೆಲಸ ಮಾಡಿ.

ಇವತ್ತು ಹಾಲಿನ ಬೂತಿಗೆ ಹೋಗಿ ಬಂದೆ. ಇಪ್ಪತ್ತು ನಿಮಿಷ. ನಮ್ಮ ಬೀದಿಯ ಹಳೇ ಡಾಂಬರು ಸವೆದು ನುಣ್ಣಗಾಗಿದೆ, ಏನೂ ತೊಂದರೆ ಇಲ್ಲ. ಮುಖ್ಯರಸ್ತೆಗೆ ಹೊಸದಾಗಿ ಹಾಕಿದ ಡಾಂಬರಿನಲ್ಲಿ ಜಲ್ಲಿಯ ಮೂಲೆಗಳು ಎದ್ದು ನಿಂತಿವೆ. ನೂರು ಹೆಜ್ಜೆಗೆ ಅಂಗಾಲು ಉರಿಯತೊಡಗಿತು.

ನವೆಂಬರ್ 10

ಮೀನಖಂಡ ಹಿಡಿದುಕೊಂಡಿದೆ. ಎರಡು ದಿನ ರಜ.

ಕಾರಣ ನಡಿಗೆಯಲ್ಲೇ ಇದೆ. ಶೂ ಹಾಕಿಕೊಂಡಾಗ ಹಿಮ್ಮಡಿಯನ್ನು ಧಡಧಡ ಊರಿ ನಡೆಯುತ್ತಿದ್ದೆ. ಬರಿಗಾಲಲ್ಲಿ ಹಾಗೆ ಊರಿದರೆ ನೋವು ಮಂಡಿಯವರೆಗೂ ಬರುತ್ತದೆ. ಹಾಗಾಗಿ ಹೆಜ್ಜೆ ತಾನಾಗೇ ಚಿಕ್ಕದಾಗಿದೆ. ಕಾಲು ನಿಧಾನಕ್ಕೆ ಇಳಿಯುತ್ತದೆ. ಪಾದವೊಂದರಲ್ಲಿ 26 ಮೂಳೆ, 33 ಕೀಲು ಇವೆ. ಗಟ್ಟಿ ಶೂ ಒಳಗೆ ಸುಮ್ನೆ ಕೂತಿದ್ದ ಸಣ್ಣ ಸ್ನಾಯುಗಳಿಗೆಲ್ಲ ಈಗ ಒಟ್ಟಿಗೇ ಕೆಲಸ ಬಿದ್ದಿದೆ. ಆತುರ ಪಡಬಾರದಿತ್ತು. ದಿನಕ್ಕೆ ಐದೈದು ನಿಮಿಷ ಜಾಸ್ತಿ ಮಾಡಿದ್ದರೆ ಸಾಕಿತ್ತು.

ನವೆಂಬರ್ 24

ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಕೇಳಿದರು: "ಸ್ವಾಮಿ, ಮಾಲೆ ಯಾವತ್ತು ಹಾಕಿದ್ರಿ?" ಅಯ್ಯಪ್ಪನ ಮಂಡಲದ ಸಮಯ ಇದು. 41 ದಿನ ವ್ರತ ಹಿಡಿದವರು ಊರು ತುಂಬ ಬರಿಗಾಲಲ್ಲಿ ಓಡಾಡುತ್ತಿದ್ದಾರೆ. ನಾನು ಮಾಲೆ ಹಾಕಿಲ್ಲ ಅಂದೆ. "ಹಂಗಾದ್ರೆ ಹರಕೆ ಇರ್ಬೇಕು," ಅಂದರು. ಹರಕೆಯೂ ಇಲ್ಲಮ್ಮ ಅಂದಾಗ ಆಕೆ ಹೂ ಅಳೆಯೋದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಕೊನೆಗೆ ಒಂದು ಮೊಳ ಜಾಸ್ತಿಯೇ ಕೊಟ್ಟರು. ನನಗೇನೋ ಕಷ್ಟ ಬಂದಿದೆ ಅಂದುಕೊಂಡಿರಬೇಕು.

ಇದನ್ನೇ ಯೋಚಿಸುತ್ತಾ ಬಂದೆ. ಅರಮನೆ ನೋಡಲು ಬರುವವರೆಲ್ಲ ಚಪ್ಪಲಿ ಬಿಟ್ಟೇ ಒಳಗೆ ಹೋಗುತ್ತಾರೆ. ಮನೆಯೊಳಗೆ, ದೇವಸ್ಥಾನದಲ್ಲಿ, ಮದುವೆ ಮಂಟಪದ ಮೇಲೆ ನಾವೆಲ್ಲ ಬರಿಗಾಲೇ. ಅದೇ ಕಾಲು ಫುಟ್‌ಪಾತಿಗೆ ಇಳಿದರೆ ದೇವರ ಕಾರಣ ಬೇಕು, ಇಲ್ಲವೇ ಬಡತನದ ಕಾರಣ ಬೇಕು. ಮೂರನೆಯ ಕಾರಣ ಜನಕ್ಕೆ ಹೊಳೆಯೋದಿಲ್ಲ.

ಡಿಸೆಂಬರ್ 15

ಚಾಮುಂಡಿ ಬೆಟ್ಟ, ಮೆಟ್ಟಿಲು ದಾರಿ. ಬೆಳಗ್ಗೆ ಐದೂಮುಕ್ಕಾಲಿಗೆ ಶುರು ಮಾಡಿದೆ.

ಈ ಮೆಟ್ಟಿಲುಗಳನ್ನು ಚಿಕ್ಕಂದಿನಿಂದ ಹತ್ತಿದ್ದೇನೆ. ಆದರೆ ಮುಟ್ಟಿದ್ದು ಇವತ್ತೇ ಅನ್ನಿಸಿತು. ಕಲ್ಲು ಎಲ್ಲ ಕಡೆ ಒಂದೇ ಥರ ಇಲ್ಲ. ನಡುಮಧ್ಯೆ ಜನ ತುಳಿದು ತುಳಿದು ಸಣ್ಣಗೆ ತಗ್ಗು ಬಿದ್ದಿದೆ. ಅಲ್ಲಿ ಕಾಲಿಟ್ಟರೆ ಹಿಮ್ಮಡಿ ಬಟ್ಟಲಲ್ಲಿ ಕೂತ ಹಾಗೆ ಕೂರುತ್ತದೆ. ಅಂಚಿನಲ್ಲಿ ಉಳಿ ಹೊಡೆದ ಗುರುತು ಇನ್ನೂ ಒರಟಾಗಿದೆ. ಹರಕೆಯವರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾರಲ್ಲ, ಅದು ಇಬ್ಬನಿಗೆ ನೆನೆದು ತೆಳುವಾಗಿ ಜಾರುತ್ತದೆ. ಕರ್ಪೂರ ಹಚ್ಚಿದ ಜಾಗ ಕಪ್ಪಗೆ, ಎಣ್ಣೆ ಪಸೆ. ಹೆಬ್ಬೆರಳು ಊರಿ ಹತ್ತಿದೆ. ಉಸಿರು ಕಟ್ಟಲಿಲ್ಲ, ಹೆಜ್ಜೆ ಚಿಕ್ಕದಿತ್ತಲ್ಲ, ಅದಕ್ಕೇ ಇರಬೇಕು.

ನಂದಿಯ ಹತ್ತಿರ ಕೂತೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಮಾಡಿಸಿದ ನಂದಿ. ಅದರ ಸುತ್ತಲಿನ ಚಪ್ಪಡಿ ರಾತ್ರಿಯ ತಂಪನ್ನು ಬಿಟ್ಟಿರಲಿಲ್ಲ. ಅಂಗಾಲು ಕೆಂಪಗೆ ಕಾದಿತ್ತು. ಎರಡೂ ಪಾದ ಪೂರ್ತಿ ಊರಿ ಕೂತಾಗ ಸಿಕ್ಕ ಸುಖವನ್ನು ಹೇಗೆ ಬರೆಯಲಿ ಅಂತ ತಿಳಿಯುತ್ತಿಲ್ಲ. ಕಾಲಿನ ಮೂಲಕ ಮೈಯೆಲ್ಲ ನೀರು ಕುಡಿದ ಹಾಗೆ ಇತ್ತು.

ಇಳಿಯೋದು ಹತ್ತೋದಕ್ಕಿಂತ ಕಷ್ಟ. ಕೆಳಗೆ ಬರುವಾಗ ಬಿಸಿಲೇರಿ ಮೆಟ್ಟಿಲು ಒಣಗಿದ್ದರಿಂದ ಜಾರಲಿಲ್ಲ.

ಜನವರಿ 6

ಮೊದಲ ಪೆಟ್ಟು. ಆಟದ ಮೈದಾನದಲ್ಲಿ ನೆಗ್ಗಿಲು ಮುಳ್ಳು ಚುಚ್ಚಿತು. ಅದನ್ನು ಕಿತ್ತು ಎಸೆದೆ. ಅದರ ಪಕ್ಕದಲ್ಲೇ ಇನ್ನೇನೋ ಒಳಗೆ ಹೋಗಿದ್ದು ಗೊತ್ತಾಗಲಿಲ್ಲ. ರಾತ್ರಿ ನೋವು ಜಾಸ್ತಿಯಾಯಿತು. ಅಮ್ಮ ಕನ್ನಡಕ ಹಾಕಿಕೊಂಡು, ಮೊಬೈಲ್ ಟಾರ್ಚ್ ನನ್ನ ಕೈಗೆ ಕೊಟ್ಟು, ಸೂಜಿಯನ್ನು ದೀಪಕ್ಕೆ ಹಿಡಿದು ಕೂತರು. ಬಿಸಿ ಉಪ್ಪುನೀರಲ್ಲಿ ಕಾಲು ನೆನೆಸಿದ್ದರಿಂದ ಚರ್ಮ ಮೆತ್ತಗಾಗಿತ್ತು. "ಅಲ್ಲಾಡ್ಬೇಡ ಕಣೋ" ಅಂತ ಎರಡು ಸಲ ಗದರಿದರು. ಹೊರಗೆ ಬಂದದ್ದು ಮುಳ್ಳಲ್ಲ, ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ. ಒಡೆದ ಲಾರಿ ಟೈರಿನಿಂದ ರಸ್ತೆ ಬದಿಗೆ ಉದುರುತ್ತದಲ್ಲ, ಅದು.

ಎಲ್ಲರೂ ಗಾಜಿಗೆ ಹೆದರುತ್ತಾರೆ. ಗಾಜು ಹೊಳೆಯುತ್ತದೆ, ಕಣ್ಣಿಗೆ ಬೀಳುತ್ತದೆ. ಕಾಣದ ಈ ತಂತಿಯೇ ನಿಜವಾದ ಶತ್ರು. ಇನ್ನು ಮೇಲೆ ರಸ್ತೆಯ ಅಂಚಿನ ಧೂಳಿನಲ್ಲಿ ನಡೆಯೋದಿಲ್ಲ.

ಜನವರಿ 26

ಒಂದು ಮಾಲ್‌ನ ಬಾಗಿಲಲ್ಲಿ ತಡೆದರು. "ಚಪ್ಪಲಿ ಇಲ್ದೆ ಬಿಡಲ್ಲ ಸಾರ್, ಮೇಲಿನವರು ಬೈತಾರೆ." ಕಾವಲಿನ ಹುಡುಗನ ತಪ್ಪೇನೂ ಇಲ್ಲ. ಬ್ಯಾಗಿನಿಂದ ತೆಗೆದು ಹಾಕಿಕೊಂಡು ಒಳಗೆ ಹೋದೆ. ಎಸ್ಕಲೇಟರ್ ಇರೋ ಕಡೆ ನಾನೇ ಹಾಕಿಕೊಳ್ಳುತ್ತಿದ್ದೆ, ಅದರ ಹಲ್ಲಿಗೆ ಬೆರಳು ಸಿಕ್ಕರೆ ಕಷ್ಟ. ಆದರೆ ಆ ಹುಡುಗನ ಕಣ್ಣು ಮೊದಲು ನನ್ನ ಕಾಲಿಗೆ ಹೋಗಿ, ಆಮೇಲೆ ಅಂಗಿಗೆ ಹೋಗಿ, ಆಮೇಲೆ ಮಾತಿನಲ್ಲಿ "ಸಾರ್" ಬಂತು. ಅಂಗಿ ಹಳೆಯದಾಗಿದ್ದರೆ ಬರುತ್ತಿತ್ತೋ ಇಲ್ಲವೋ.

ಕಲಾವಿದ ಎಂ.ಎಫ್. ಹುಸೇನರೂ ಬರಿಗಾಲಲ್ಲೇ ಓಡಾಡುತ್ತಿದ್ದರು. 1964ರಲ್ಲಿ ಹಿಂದಿ ಕವಿ ಮುಕ್ತಿಬೋಧ್ ತೀರಿಹೋದ ಮೇಲೆ ಅವರ ನೆನಪಿಗೆ ಚಪ್ಪಲಿ ಬಿಟ್ಟರಂತೆ. ಅಂಥವರನ್ನೂ ಮುಂಬಯಿಯ ಒಂದು ಕ್ಲಬ್ ಇದೇ ಕಾರಣಕ್ಕೆ ಒಳಗೆ ಬಿಡಲಿಲ್ಲ. 2021ರ ನವೆಂಬರ್‌ನಲ್ಲಿ ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳಲು ಬರಿಗಾಲಲ್ಲೇ ನಡೆದು ಹೋದದ್ದನ್ನು ಟೀವಿಯಲ್ಲಿ ನೋಡಿದ್ದೆ. ಕಾಡಿನ ಬೀಜ, ಸಸಿ ಅಂತಲೇ ಜೀವ ಸವೆಸಿದ ಹಾಲಕ್ಕಿ ಸಮುದಾಯದ ಅಜ್ಜಿ. ಆ ಹಾಸಿನ ಮೇಲೆ ಅವರ ಪಾದ ಎಷ್ಟು ನಿರಾಳವಾಗಿ ಬೀಳುತ್ತಿತ್ತು! ಮನೆಯ ಅಂಗಳದಲ್ಲಿ ನಡೆದ ಹಾಗೆ.

ಫೆಬ್ರವರಿ 18

ಅಂಗಾಲು ದಪ್ಪವಾಗಿದೆ. ಹಿಮ್ಮಡಿ, ಹೆಬ್ಬೆರಳ ಬುಡ, ಹೊರಗಿನ ಅಂಚು, ಈ ಮೂರು ಕಡೆ ಚರ್ಮ ಹಳೇ ಸೊಂಟದ ಬೆಲ್ಟಿನ ಹಾಗೆ ಬಿಗಿಯಾಗಿ ನುಣ್ಣಗಿದೆ. ಒಡೆಯದಿರಲಿ ಅಂತ ರಾತ್ರಿ ಹರಳೆಣ್ಣೆ ಹಚ್ಚುತ್ತೇನೆ.

ನನಗೊಂದು ಭಯ ಇತ್ತು. ಚರ್ಮ ಗಟ್ಟಿಯಾದರೆ ಜಡ್ಡುಗಟ್ಟುತ್ತದೆ, ಆಮೇಲೆ ನೆಲದ ಸ್ಪರ್ಶವೇ ತಿಳಿಯದೆ ಹೋದರೆ? ಆಗ ಇಷ್ಟೆಲ್ಲ ಮಾಡಿ ಏನು ಬಂತು? ಆದರೆ ಹಾಗೆ ಆಗಲಿಲ್ಲ. ಜಲ್ಲಿ ಈಗ ಚುಚ್ಚೋದಿಲ್ಲ, ಆದರೂ ಒಂದೊಂದು ಕಲ್ಲೂ ಗೊತ್ತಾಗುತ್ತದೆ. ಮನೆಯ ಮೊಸಾಯಿಕ್ ನೆಲದಲ್ಲಿ ಬಿದ್ದ ಒಂದು ಅಕ್ಕಿಕಾಳು ಕೂಡ.

ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನೇ ಹೇಳಿದ್ದಾರೆ. ಕೀನ್ಯಾ ಮತ್ತು ಅಮೆರಿಕದ ನೂರಕ್ಕೂ ಹೆಚ್ಚು ಜನರ ಪಾದ ಪರೀಕ್ಷೆ ಮಾಡಿದರು. ಬರಿಗಾಲಲ್ಲಿ ನಡೆದು ಚರ್ಮ ದಪ್ಪವಾದವರಿಗೆ ಸ್ಪರ್ಶದ ಅರಿವು ಕಮ್ಮಿಯಾಗಿರಲಿಲ್ಲ. ಗಟ್ಟಿ ಚರ್ಮ ನೆಲದ ಸುದ್ದಿಯನ್ನು ಒಳಗಿನ ನರಗಳಿಗೆ ಹಾಗೇ ದಾಟಿಸುತ್ತದೆ. ಮೆತ್ತನೆ ಶೂ ಅಟ್ಟೆ ಆ ಸುದ್ದಿಯನ್ನು ನುಂಗಿಬಿಡುತ್ತದೆ. ಅಂಗಾಲು ಗಟ್ಟಿಯಾಗೋದೇ ಬೇರೆ, ಜಡವಾಗೋದೇ ಬೇರೆ. ನನಗೆ ಈ ನಾಲ್ಕು ತಿಂಗಳಲ್ಲಿ ಸಿಕ್ಕ ದೊಡ್ಡ ವಿಷಯ ಇದೇ.

ಹಾಗಂತ ಶೂ ಮೇಲೆ ನನಗೆ ಜಗಳ ಇಲ್ಲ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರಲ್ಲಿ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದರು, 2 ಗಂಟೆ 15 ನಿಮಿಷ 16 ಸೆಕೆಂಡ್. ನಾಲ್ಕು ವರ್ಷದ ನಂತರ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ ಮತ್ತೆ ಗೆದ್ದರು.

ಏಪ್ರಿಲ್ 8

ಮಧ್ಯಾಹ್ನ ಒಂದು ಗಂಟೆ. ರಸ್ತೆ ದಾಟುವಾಗ ಒಂದು ವಿಷಯ ಕಂಡುಕೊಂಡೆ. ಜೀಬ್ರಾ ಪಟ್ಟೆಯ ಬಿಳಿ ಭಾಗ ಅಷ್ಟಾಗಿ ಕಾಯುವುದಿಲ್ಲ. ಪಕ್ಕದ ಡಾಂಬರು ಕೆಂಡದ ಹಾಗಿತ್ತು, ಬಿಳಿ ಬಣ್ಣದ ಮೇಲೆ ನಿಲ್ಲಬಹುದಿತ್ತು. ದೇವಸ್ಥಾನದ ಪ್ರಾಕಾರದಲ್ಲಿ ಬೇಸಿಗೆಗೆ ಬಿಳಿ ಬಣ್ಣ ಬಳಿಯೋದು, ತೆಂಗಿನ ನಾರಿನ ಹಾಸು ಹಾಕಿ ನೀರು ಚಿಮುಕಿಸೋದು ಇದಕ್ಕೇ.

ಆದರೂ ಹನ್ನೊಂದರಿಂದ ನಾಲ್ಕರವರೆಗೆ ಚಪ್ಪಲಿ ಹಾಕೋದು ಅಂತ ಕಟ್ಟುಪಾಡಿಗೆ ಸೇರಿಸಿದೆ. ನಮ್ಮ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆ ಇಂಥದೇ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಮಾಡಿ ಬಂದರು. ಸಂಜೆ ಕಾಲು ತೊಳೆಯುವಾಗ ನೋಡಿದರೆ ಅಂಗಾಲು ತುಂಬ ಬೊಬ್ಬೆ. ಸುಟ್ಟದ್ದು ಗೊತ್ತೇ ಆಗಿರಲಿಲ್ಲ, ನರ ಅಷ್ಟು ಸೋತಿತ್ತು. ಆ ಗಾಯ ಮಾಯಲು ನಾಲ್ಕು ತಿಂಗಳು ಬೇಕಾಯಿತು. ಸಕ್ಕರೆ ಕಾಯಿಲೆ ಇರುವವರು, ಕಾಲು ಜೋಮು ಹಿಡಿಯುವವರು ದಯವಿಟ್ಟು ಇದನ್ನು ಮಾಡಬೇಡಿ. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ. ನೋವು ತಿಳಿಯುವ ಕಾಲಿಗೆ ಮಾತ್ರ ಬರಿಗಾಲು.

ಏಪ್ರಿಲ್ 27

ಬಾರು ಕಿತ್ತುಹೋದ ಆ ಹವಾಯಿ ಇಷ್ಟು ದಿನ ಬಾಗಿಲ ಹಿಂದೆ ಬಿದ್ದಿತ್ತು. ಇವತ್ತು ಸರ್ಕಲ್ಲಿನ ಮರದಡಿ ಚಪ್ಪಲಿ ಹೊಲಿಯುವ ಯಜಮಾನರ ಹತ್ತಿರ ತೆಗೆದುಕೊಂಡು ಹೋದೆ. ಅರವತ್ತು ದಾಟಿದ ಮನುಷ್ಯ. ಅವರು ಕೆಲಸ ಮಾಡುತ್ತಲೇ ನನ್ನ ಕಾಲು ನೋಡಿ ಕೇಳಿದರು, ನಾನು ಎಲ್ಲ ಹೇಳಿದೆ. ನೆಲ ಗೊತ್ತಾಗುತ್ತೆ, ಖುಷಿಯಾಗುತ್ತೆ, ನಮ್ಮ ಹಿರಿಯರೆಲ್ಲ ಹೀಗೇ ಇದ್ದರಲ್ಲ ಅಂತ.

ಅವರು ದಾರ ಎಳೆದು ಗಂಟು ಹಾಕಿದರು. ಆಮೇಲೆ ಹೇಳಿದರು: "ನಮ್ಮಪ್ಪನೂ ಹಿಂಗೇ ಇದ್ದ ಸಾರ್. ಊರವರಿಗೆಲ್ಲ ಎಕ್ಕಡ ಹೊಲಿದು ಕೊಡೋನು. ತಾನು ಮೆಟ್ಕೊಂಡು ಮೇಲಿನ ಬೀದಿಗೆ ಹೋಗೋ ಹಂಗಿರ್ಲಿಲ್ಲ. ಕೈಯಲ್ಲಿ ಹಿಡ್ಕೊಂಡು ಹೋಗ್ಬೇಕಿತ್ತು."

ನನ್ನ ಹತ್ತಿರ ಮಾತಿರಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದ ಮೇಲೂ ಹಳ್ಳಿಗಳಲ್ಲಿ ಎಷ್ಟೋ ಕಾಲ ಇದು ನಡೆದಿದೆ ಅಂತ ಓದಿದ್ದೆ. ಓದಿದ್ದಕ್ಕೂ, ಎದುರಿಗೆ ಕೂತು ನನ್ನ ಚಪ್ಪಲಿ ಹೊಲಿಯುವವರು ತಮ್ಮ ಅಪ್ಪನ ಹೆಸರಲ್ಲಿ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ. ಅಕ್ಟೋಬರ್‌ನಲ್ಲಿ ನಾನೂ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದಿದ್ದೆ. ಯಾರೂ ಹಿಡಿಸಿರಲಿಲ್ಲ.

"ನಮ್ಮ ಹಿರಿಯರೆಲ್ಲ ಹೀಗೇ ಇದ್ದರು" ಅನ್ನುವ ಮಾತನ್ನು ನೋಟ್‌ಬುಕ್ಕಿನಲ್ಲಿ ಮೂರು ಕಡೆ ಬರೆದಿದ್ದೆ. ಮೂರನ್ನೂ ಹೊಡೆದು ಹಾಕಿದೆ.

ಜೂನ್ 9

ಮಳೆ ಹಿಡಿದಿದೆ. ಚರಂಡಿ ನೀರು ರಸ್ತೆಗೆ ಬರುವ ದಿನಗಳಲ್ಲಿ ಬೀದಿಯಲ್ಲಿ ಬರಿಗಾಲು ನಿಲ್ಲಿಸಿದ್ದೇನೆ. ಮಲ ಸೇರಿದ ಒದ್ದೆ ಮಣ್ಣಿನಿಂದ ಕೊಕ್ಕೆಹುಳುವಿನ ಮರಿ ನೇರವಾಗಿ ಚರ್ಮ ಕೊರೆದು ಒಳಗೆ ಹೋಗುತ್ತದೆ, ಕರುಳು ಸೇರಿ ರಕ್ತ ಕುಡಿಯುತ್ತದೆ. ಅಂಗಾಲು ಎಷ್ಟೇ ದಪ್ಪ ಇರಲಿ, ಬೆರಳಸಂದಿ ಮೆತ್ತಗೇ ಇರುತ್ತದೆ. ಬೆಟ್ಟದ ಮೆಟ್ಟಿಲು ಮಾತ್ರ ವಾರಕ್ಕೊಂದು ಸಲ ನಡೆದಿದೆ. ಕಲ್ಲಿನ ಮೇಲೆ ಪಾಚಿ ಬರುತ್ತಿದೆ, ಹುಷಾರಾಗಿರಬೇಕು.

ಮುಂದಿನ ಯೋಚನೆ ಶ್ರವಣಬೆಳಗೊಳ. ವಿಂಧ್ಯಗಿರಿಯ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಮೇಲೆ 58 ಅಡಿಯ ಬಾಹುಬಲಿ. ಅಲ್ಲಿ ಎಲ್ಲರೂ ಬರಿಗಾಲೇ. ಬಿಸಿಲಿಗೆ ಕಾಲು ಸುಡುತ್ತದೆ ಅಂತ ಕೆಳಗೆ ಕಾಲುಚೀಲ ಮಾರುತ್ತಾರೆ. ಹೋದ ಸಲ ನಾನೂ ಕೊಂಡಿದ್ದೆ. ಡಿಸೆಂಬರ್‌ನಲ್ಲಿ, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಕಾಲುಚೀಲ ಇಲ್ಲದೆ ಹತ್ತಬೇಕು.

ಜೂನ್ 14

ಹಳೇ ಸ್ಯಾಂಡಲ್ ಮುಂಗಾಲಿನಲ್ಲಿ ಹಿಡಿಯುತ್ತಿದೆ. ಮಳೆಗಾಲಕ್ಕೆ, ಆಫೀಸಿಗೆ ಒಂದು ಜೊತೆ ಬೇಕೇ ಬೇಕು. ಅಂಗಡಿಗೆ ಹೋಗಲಿಲ್ಲ, ಯಜಮಾನರ ಹತ್ತಿರ ಹೋದೆ. ಅವರು ರಟ್ಟು ಹಾಸಿ ಅದರ ಮೇಲೆ ಕಾಲಿಡಲು ಹೇಳಿದರು. ಪೆನ್ಸಿಲ್ ಹಿಡಿದು ಪಾದದ ಸುತ್ತ ಗೀರು ಎಳೆದರು. ಕಿರುಬೆರಳ ಹತ್ತಿರ ಬಂದಾಗ ಕಚಗುಳಿಯಾಯಿತು.

"ಬೆರಳು ಬಿಟ್ಕೊಂಡಿದೆ ಸಾರ್. ಅಂಗಡಿ ನಂಬರ್ ಇದಕ್ಕೆ ಸಾಲಲ್ಲ," ಅಂದರು. ಮುಂಭಾಗಕ್ಕೆ ಒಂದು ಬೆರಳಗಲ ಜಾಸ್ತಿ ಇಟ್ಟು, ತೆಳ್ಳಗಿನ ಅಟ್ಟೆ ಹಾಕಿ ಕೊಡುತ್ತಾರಂತೆ. ಬುಧವಾರ ಬನ್ನಿ ಅಂದಿದ್ದಾರೆ.