ಫ್ರೀಸ್‌ಲ್ಯಾಂಡಿನ ಸರ್ವೆ ನಂಬರು

ಮಡಿಕೇರಿ, ವಿರಾಜಪೇಟೆ ಅಂತ ಸರ್ವೆ ಇಲಾಖೆಯಲ್ಲಿ ಚೈನು ಎಳೆದು ನಿವೃತ್ತನಾದವನು ನಾನು. ಮಗ ಹಾಲೆಂಡಿನಲ್ಲಿದ್ದಾನೆ. ಸೊಸೆ ಅಲ್ಲಿಯವಳೇ, ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ರೈತರ ಮನೆಯ ಹುಡುಗಿ. ಪುತ್ತರಿ ಹಬ್ಬಕ್ಕೆ ಬಂದಾಗ ಐನ್‌ಮನೆಯ, ಅಂದರೆ ಹಿರಿಯರ ಮೂಲ ಮನೆಯ, ಗೋಡೆಯಲ್ಲಿದ್ದ ನಮ್ಮ ಒಕ್ಕದ (ಮನೆತನದ) ವಂಶವೃಕ್ಷ ನೋಡಿ, "ಮಾವ, ನನ್ನ ಕಡೆಯದ್ದೂ ಬೇಕು" ಅಂದಳು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಹಿಡಿದುಕೊಂಡು ಬಂದವರನ್ನು ಜೀವಮಾನವೆಲ್ಲ ನೋಡಿದವನಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುತ್ತದೆಯೇ!

1811ರಿಂದ ಈಚಿನದ್ದು ಸಲೀಸು. ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಅಲ್ಲಿ ಶುರುವಾದದ್ದು ನೆಪೋಲಿಯನ್ನನ ಆಳ್ವಿಕೆಯ ಆ ವರ್ಷ. ಫ್ರೀಸ್‌ಲ್ಯಾಂಡಿಗೆ ಅಲ್ಲೆಫ್ರೀಜನ್, ಇಡೀ ದೇಶಕ್ಕೆ ವೀವಾಸ್‌ವೀ ಮತ್ತು ಓಪನ್ ಆರ್ಕೈವ್ಸ್ ಎಂಬ ಜಾಲತಾಣಗಳಿವೆ. ಜನನದ ದಾಖಲೆ 100 ವರ್ಷ, ಮದುವೆಯದ್ದು 75, ಮರಣದ್ದು 50 ವರ್ಷ ದಾಟಿದ ಮೇಲಷ್ಟೇ ಸಾರ್ವಜನಿಕರಿಗೆ ತೆರೆಯುತ್ತದೆ. ನನಗೆ ತುಂಬ ಹಿಡಿಸಿದ್ದು, ಹೆಂಗಸರು ಸಾಯುವವರೆಗೂ ತವರಿನ ಹೆಸರಲ್ಲೇ ದಾಖಲಾಗಿರುವುದು. ನಮ್ಮಲ್ಲಿ ಹೆಣ್ಣು ಗಂಡನ ಒಕ್ಕಕ್ಕೆ ಸೇರಿದಳೆಂದರೆ ಅವಳ ತವರು ಯಾವುದೆಂದು ಊರಿನ ಅಜ್ಜಿಯರನ್ನೇ ಕೇಳಬೇಕು.

1811ರ ಹಿಂದಕ್ಕೆ ಕಾಲಿಟ್ಟರೆ ಫ್ರೀಸ್‌ಲ್ಯಾಂಡಿನ ಬಹುತೇಕ ರೈತರಿಗೆ ಮನೆತನದ ಹೆಸರೇ ಇಲ್ಲ. ಯಾನ್‌ನ ಮಗ ಪೀಟರ್ ಯಾನ್ಸ್, ಅವನ ಮಗ ಯಾನ್ ಪೀಟರ್ಸ್. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಬೇರೆ. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ! ಪುಣ್ಯಕ್ಕೆ 1811ರಲ್ಲಿ ಎಲ್ಲರೂ ಮನೆತನದ ಹೆಸರು ಬರೆಸಬೇಕೆಂಬ ಆಜ್ಞೆಯಾಯಿತು. ಆ ಪುಸ್ತಕಗಳಲ್ಲಿ ಮಕ್ಕಳು, ಮೊಮ್ಮಕ್ಕಳು, ಅವರ ವಯಸ್ಸು, ಇರುವ ಊರು ಎಲ್ಲ ಇದೆ. ಒಂದೇ ಪುಟದಲ್ಲಿ ಮೂರು ತಲೆಮಾರು.

ಅಲ್ಲಿಂದಾಚೆಗೆ ನಾನು ಮನುಷ್ಯರನ್ನು ಬಿಟ್ಟು ಜಮೀನು ಹಿಡಿದೆ. ನಮ್ಮ ಕೊಡಗು ಕಂಪನಿ ಸರ್ಕಾರದ ವಶವಾದದ್ದು 1834ರಲ್ಲಿ. ಅದಕ್ಕೆ ಎರಡು ವರ್ಷ ಮುಂಚೆಯೇ, 1832ರಲ್ಲಿ, ಡಚ್ಚರ ಭೂಮಾಪನ ಜಾರಿಗೆ ಬಂದಿತ್ತು. ಪ್ರತಿ ತುಂಡು ಭೂಮಿಗೂ ನಂಬರು, ಜೊತೆಯ ಪಟ್ಟಿಯಲ್ಲಿ ಮಾಲೀಕನ ಹೆಸರು, ಕಸುಬು, ಊರು, ಭೂಮಿಯ ಬಗೆ, ವಿಸ್ತೀರ್ಣ. ಹಿಸ್‌ಗಿಸ್ ಎಂಬ ತಾಣದಲ್ಲಿ ಇದನ್ನೆಲ್ಲ ನಕಾಶೆಯ ಮೇಲೆ ಕೂರಿಸಿದ್ದಾರೆ. ಆ ಗೆರೆಗಳ ಅಚ್ಚುಕಟ್ಟು ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಅದಕ್ಕೂ ಹಳೆಯ ಪಟ್ಟಿಗಳಿವೆ. ಫ್ರೀಸ್‌ಲ್ಯಾಂಡಿನಲ್ಲಿ ಮತದ ಹಕ್ಕು ಮನುಷ್ಯನಿಗಲ್ಲ, ಜಮೀನಿಗೆ ಅಂಟಿಕೊಂಡಿತ್ತು. ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬರುವ ಕೊಡಗಿನ ಜಮ್ಮಾ ಜಮೀನು ಗೊತ್ತಿರುವ ನಮಗೆ ಇದೇನೂ ಸೋಜಿಗವಲ್ಲ. ಮತವಿದ್ದ ಪ್ರತಿ ಜಮೀನಿನ ಮಾಲೀಕ ಯಾರು, ಉಳುವವನು ಯಾರು ಎಂದು 1640ರಲ್ಲಿ, ಮತ್ತೆ 1698ರಿಂದ ಆಗಾಗ ಪಟ್ಟಿ ಮಾಡಿದ್ದಾರೆ. ಪಹಣಿಯ 9ನೇ ಕಾಲಂ, 12ನೇ ಕಾಲಂ ಇದ್ದ ಹಾಗೆಯೇ. ಸೊಸೆಯ ಹಿರಿಯರು ಸಿಕ್ಕಿದ್ದು ಉಳುವವರ ಕಾಲಂನಲ್ಲಿ. ಗೇಣಿಯವರು! ಹೇಳಿದರೆ ಬೇಜಾರಾಗುತ್ತಾಳೇನೋ ಅಂದುಕೊಂಡರೆ, ಖುಷಿಯಿಂದ ಅವಳ ಅಪ್ಪನಿಗೆ ಫೋನ್ ಮಾಡಿದಳು. 1749ರ ತೆರಿಗೆ ಪಟ್ಟಿಯಲ್ಲಿ ಮನೆಯೊಂದರಲ್ಲಿ 12 ವರ್ಷ ಮೇಲ್ಪಟ್ಟವರೆಷ್ಟು, ಕೆಳಗಿನವರೆಷ್ಟು ಎಂಬ ಲೆಕ್ಕವೂ ಇದೆ.

ಇಂಟರ್ನೆಟ್ಟಿನಲ್ಲಿ ಯಾರೋ ಏರಿಸಿಟ್ಟ ರೆಡಿಮೇಡ್ ವಂಶವೃಕ್ಷಗಳನ್ನು ನಾನು ಮುಟ್ಟುವುದಿಲ್ಲ. ಮಹಜರು ಆಗದ ಕಾಗದಕ್ಕೆ ಸಹಿ ಹಾಕಿ ಅಭ್ಯಾಸವಿಲ್ಲ. ಸೂಚಿಯಲ್ಲಿ ಹೆಸರು ಕಂಡರೂ ಮೂಲ ಪುಟದ ಸ್ಕ್ಯಾನ್ ತೆರೆದು, ಸಾಕ್ಷಿಗಳು ಯಾರಿದ್ದಾರೆ ನೋಡಿಯೇ ಮುಂದಿನ ಹೆಜ್ಜೆ.

ಗೋಣಿಕೊಪ್ಪದ ಗೆಳೆಯರದ್ದು ಒಂದೇ ಪ್ರಶ್ನೆ: "ಇವರ ಕಡೆಯವರು ಕೊಚ್ಚಿಗೆ ಬಂದಿದ್ದರಾ?" 1663ರಿಂದ 1795ರವರೆಗೆ ಕೊಚ್ಚಿ ಡಚ್ಚರ ಕೈಯಲ್ಲಿತ್ತಲ್ಲ, ಅದಕ್ಕೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಸಂಬಳ ಪುಸ್ತಕಗಳು ಹೇಗ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಸೂಚಿ ಆನ್‌ಲೈನಿನಲ್ಲೇ ಸಿಗುತ್ತದೆ. ಹೆಸರುಗಳು ರಾಶಿ ಸಿಕ್ಕಿದವು, ಯಾವುದಕ್ಕೂ ಊರು ಹೊಂದಲಿಲ್ಲ. ಬಿಟ್ಟೆ.

ಸದ್ಯ ಸಿಕ್ಕಿಹಾಕಿಕೊಂಡಿರುವುದು 1698ರ ಪಟ್ಟಿಯಲ್ಲಿ. ಅದೇ ಜಮೀನು, ಉಳುವವನ ಹೆಸರು ಮಾತ್ರ ಬೇರೆ. ಇವನು ಹೆಣ್ಣು ಕೊಟ್ಟ ಮಾವನೋ, ಸಂಬಂಧವೇ ಇಲ್ಲದ ಹಳೆಯ ಗೇಣಿದಾರನೋ ತಿಳಿಯಲು ಆ ಊರಿನ ಚರ್ಚಿನ ಮದುವೆ ಪುಸ್ತಕ ನೋಡಬೇಕು. ಸೊಸೆ ಮುಂದಿನ ವಾರ ಲೇವಾರ್ಡನ್‌ನ ಟ್ರೆಸೊಆರ್ ಪತ್ರಾಗಾರಕ್ಕೆ ಹೋಗುತ್ತಿದ್ದಾಳೆ. ನೋಡಬೇಕಾದ ಜಮೀನಿನ ನಂಬರುಗಳನ್ನು ವಾಟ್ಸಾಪ್ ಮಾಡಿದ್ದೇನೆ.