‘ನಿದ್ದೆ ಬರ್ತಿಲ್ವಾ?’ ಅಂತ ಕೇಳಿದರೆ ಜನ ಬರ್ತಾರೆ: ಇಂಗ್ಲೆಂಡಿನ ಕನ್ನಡ ಸಂಘಗಳೂ ಸರ್ಕಾರಿ ಮನೋಆರೋಗ್ಯ ಸೇವೆಯೂ

ಇಂಗ್ಲೆಂಡಿನಲ್ಲಿ ಖಿನ್ನತೆ, ಆತಂಕಗಳಿಗೆ ಸರ್ಕಾರಿ ಆಪ್ತಸಮಾಲೋಚನೆ ಪುಕ್ಕಟೆ ಸಿಗುತ್ತದೆ, ಅದಕ್ಕೆ ಡಾಕ್ಟರ ಚೀಟಿಯೂ ಬೇಡ ಎಂದರೆ ಹತ್ತು ವರ್ಷದಿಂದ ಇಲ್ಲೇ ಇರುವ ಕನ್ನಡಿಗರೂ ಹುಬ್ಬೇರಿಸುತ್ತಾರೆ. 2008ರಲ್ಲಿ ಶುರುವಾದ ಈ ಸೇವೆಗೆ 2023ರಿಂದ ‘ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್’ ಎಂದು ಹೆಸರು (ಎನ್‌ಎಚ್‌ಎಸ್ ಎಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ). ಜಿಪಿ, ಅಂದರೆ ಸ್ಥಳೀಯ ಕುಟುಂಬ ವೈದ್ಯರ ಬಳಿ ನೋಂದಣಿ ಇದ್ದವರು ಆನ್‌ಲೈನ್ ಫಾರಂ ತುಂಬಿದರೆ ಸಾಕು. ನೂರರಲ್ಲಿ 75 ಜನರಿಗೆ 6 ವಾರದೊಳಗೆ, 95 ಜನರಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ಗುರಿ. ಮೊದಲ ಭೇಟಿ ಬೇಗ ಮುಗಿದು, ಎರಡನೆಯದಕ್ಕೆ ಬಹಳ ಕಾಯಿಸುವುದೂ ಉಂಟು. ಅದನ್ನು ಮೊದಲೇ ಹೇಳಿಬಿಟ್ಟರೆ ಜನ ನಡುವೆ ಬಿಟ್ಟು ಹೋಗುವುದಿಲ್ಲ.

ಈ ಸೇವೆಗಳು ಪ್ರದೇಶವಾರು ಹಂಚಿಕೆಯಾಗಿವೆ. ಸ್ಥಳೀಯ ಸಮುದಾಯಗಳನ್ನು ತಲುಪುವುದು ಅವುಗಳ ಕೆಲಸದ ಭಾಗವೇ. ಗುರುದ್ವಾರ, ಮಸೀದಿ, ದೇವಸ್ಥಾನಗಳಿಗೆ ಸಿಬ್ಬಂದಿ ಬಂದು ಮಾತಾಡುತ್ತಾರೆ. ಕನ್ನಡಿಗರು ಮಾತ್ರ ‘ಇಂಡಿಯನ್’ ಎಂಬ ದೊಡ್ಡ ಡಬ್ಬಿಯೊಳಗೆ ಕಳೆದುಹೋಗುತ್ತಾರೆ. ಆದ್ದರಿಂದ ಸಂಘದವರೇ ಮೊದಲು ಈಮೇಲ್ ಹಾಕಬೇಕು: ಸಮುದಾಯ ಸಂಪರ್ಕ ನೋಡಿಕೊಳ್ಳುವವರು ಯಾರು, ವರ್ಷಕ್ಕೆ ಎಷ್ಟು ಸಲ ಬರಬಲ್ಲರು, ಕನ್ನಡ ದುಭಾಷಿಯನ್ನು ಒದಗಿಸುತ್ತಾರೆಯೇ. ಒಂದೇ ಒಂದು ಭಾಷಣ ಮಾಡಿಸಿ ಫೋಟೊ ತೆಗೆಸಿಕೊಳ್ಳುವುದಾದರೆ ಆ ತೊಂದರೆಯೇ ಬೇಡ. ಮೊದಲ ಸಲ ಕೇಳಿಸಿಕೊಂಡು ಸುಮ್ಮನಿದ್ದವರು ಬಾಯಿಬಿಡುವುದು ಎರಡನೆಯ, ಮೂರನೆಯ ಸಲಕ್ಕೆ.

‘ಮಾನಸಿಕ ಆರೋಗ್ಯ ಶಿಬಿರ’ ಎಂದು ಪೋಸ್ಟರ್ ಹಾಕಿದರೆ ಕುರ್ಚಿಗಳು ಖಾಲಿ. ‘ನಿದ್ದೆ ಬರ್ತಿಲ್ವಾ? ಊರಲ್ಲಿ ಅಪ್ಪ-ಅಮ್ಮನ ಚಿಂತೆಯಾ?’ ಎಂದು ಹಾಕಿದರೆ ತುಂಬುತ್ತವೆ. ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಸಾಕು. ಊಟವಾದ ಮೇಲೆ ಯಾರೂ ಕೂರುವುದಿಲ್ಲ. ಹೆಸರು ಬರೆಸಿಕೊಳ್ಳುವ ಮೇಜನ್ನಂತೂ ಬಾಗಿಲ ಬಳಿ ಇಡಲೇಬಾರದು. ಎಲ್ಲರ ಕಣ್ಣೆದುರು ಅಲ್ಲಿ ನಿಲ್ಲಲು ಯಾರಿಗೂ ಮನಸ್ಸು ಬರದು. ಫಾರಮ್ಮಿನ ಕ್ಯೂಆರ್ ಕೋಡ್ ಅನ್ನು ಶೌಚಾಲಯದ ಬಾಗಿಲ ಒಳಮೈಗೆ ಅಂಟಿಸಿ. ಚಿಲಕ ಹಾಕಿಕೊಂಡು, ಯಾರಿಗೂ ಕಾಣದಂತೆ ಮೊಬೈಲಿನಲ್ಲಿ ಹಿಡಿದುಕೊಳ್ಳಬಹುದು.

ಫಾರಂ ತುಂಬಿದ ಮೇಲೆ ಕೆಲಸ ಕೆಡುವುದು ಫೋನಿನಿಂದ. ಎಷ್ಟೋ ಸಲ ಸೇವೆಯವರ ಕರೆ ಬರುವುದು ನಂಬರ್ ಕಾಣದ ಫೋನಿನಿಂದ. ನಮ್ಮವರು ಮೋಸದ ಕರೆ ಎಂದುಕೊಂಡು ಎತ್ತುವುದಿಲ್ಲ. ಕೆಲವು ಸಲ ಪ್ರಯತ್ನಿಸಿ ಅವರು ಕಡತ ಮುಚ್ಚಿಬಿಡುತ್ತಾರೆ. ಮೆಸೇಜ್ ಕಳಿಸಬಹುದೇ, ವಾಯ್ಸ್‌ಮೇಲ್ ಬಿಡಬಹುದೇ, ಮನೆಗೆ ಪತ್ರ ಬರಬಹುದೇ ಎಂದು ಫಾರಂನಲ್ಲಿ ಕೇಳಿರುತ್ತಾರೆ. ಅವಸರದಲ್ಲಿ ಎಲ್ಲಕ್ಕೂ ಹೂಂ ಅನ್ನದೆ ಯೋಚಿಸಿ ತುಂಬಬೇಕು. ಗಂಡ ಹೊಡೆಯುವ ಮನೆಗೆ ಪತ್ರ ಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪ್ರಶ್ನಾವಳಿ. ಖಿನ್ನತೆಗೆ ಪಿಎಚ್‌ಕ್ಯು-9: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿಕಿತ್ಸೆ ಬೇಕಾದೀತೆಂದು ಲೆಕ್ಕ. ಆತಂಕಕ್ಕೆ ಜಿಎಡಿ-7: ಒಟ್ಟು 21, ಇಲ್ಲಿ ಎಂಟೇ ಗಡಿ. ನಮ್ಮವರು ‘ಎದೆ ಡವಡವ’, ‘ತಲೆ ಭಾರ’, ‘ಮೈಯೆಲ್ಲ ಉರಿ’ ಎನ್ನುತ್ತಾರೆ. ‘ಬೇಸರ, ಹತಾಶೆ’ ಎಂಬ ಪ್ರಶ್ನೆಗೆ ಸೊನ್ನೆ ಹಾಕುತ್ತಾರೆ. ಅಂಕ ಕಡಿಮೆ ಬಂದರೆ ನಿಮಗೇನೂ ಇಲ್ಲ ಎಂಬ ಉತ್ತರ ಬಂದೀತು. ನಿದ್ದೆ, ಹಸಿವು, ಸುಸ್ತಿನ ಪ್ರಶ್ನೆಗಳೂ ಅದರಲ್ಲೇ ಇವೆ, ಅವನ್ನು ಇದ್ದದ್ದು ಇದ್ದಂತೆ ತುಂಬಿ, ಮೈಯ ತೊಂದರೆಗಳನ್ನು ಮಾತಿನಲ್ಲೂ ಹೇಳಿ ಎಂದು ಸಂಘದವರು ಮೊದಲೇ ತಿಳಿಸಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಹೌದೆಂದರೆ ಪೊಲೀಸರು ಬರುತ್ತಾರೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆಯಿಂದ ಅದಕ್ಕೂ ಸೊನ್ನೆ ಬೀಳುತ್ತದೆ. ಹೌದೆಂದವರನ್ನು ಮುಂದೆ ಇನ್ನಷ್ಟು ಕೇಳಿ ವಿಚಾರಿಸುತ್ತಾರೆ, ಸುರಕ್ಷಿತವಾಗಿರುವುದು ಹೇಗೆಂದು ಜೊತೆಗೆ ಕೂತು ಯೋಜನೆ ಮಾಡುತ್ತಾರೆ. ಜೀವಕ್ಕೆ ಅಥವಾ ಮಗುವಿಗೆ ಅಪಾಯವಿದ್ದರೆ ಗುಟ್ಟು ಹೊರಗೆ ಹೋಗಬಹುದು. ಕೆಲಸ ಕೊಟ್ಟ ಕಂಪನಿಗೆ ನಿಮ್ಮ ಒಪ್ಪಿಗೆಯಿಲ್ಲದೆ ವಿಷಯ ಹೋಗುವುದಿಲ್ಲ.

ದುಭಾಷಿಗೆ ದುಡ್ಡು ಕೊಡಬೇಕಿಲ್ಲ, ಆದರೆ ಬಾಯಿಬಿಟ್ಟು ‘ಕನ್ನಡ’ ಎಂದು ಕೇಳಬೇಕು. ಇಲ್ಲದಿದ್ದರೆ ಹಿಂದಿಯವರನ್ನು ಕೂರಿಸಿಯಾರು. ಸಣ್ಣ ಊರಿನಲ್ಲಿ ಎಲ್ಲರೂ ಪರಿಚಯದವರೇ ಆದ್ದರಿಂದ ಬೇರೆ ಊರಿನ ದುಭಾಷಿ ಫೋನಿನಲ್ಲಿ ಸಿಗುವರೇ ಎಂದು ಕೇಳುವುದು ಜಾಣತನ. ಗಂಡ, ಅತ್ತೆ, ಇಂಗ್ಲಿಷ್ ಬಲ್ಲ ಮಗ ಈ ಕೆಲಸಕ್ಕೆ ಬೇಡವೇ ಬೇಡ. ಪ್ರತಿ ಮಾತೂ ಎರಡೆರಡು ಸಲ ಆಡಬೇಕಾಗುವುದರಿಂದ ಹೆಚ್ಚು ಸಮಯವನ್ನೂ ಮೊದಲೇ ಕೇಳಿಟ್ಟುಕೊಳ್ಳಿ.

ಸಂಘದವರು ಸಲಹೆಗಾರರಾಗಲು ಹೊರಟರೆ ಎಲ್ಲವೂ ಹಾಳು. ದಾರಿ ತೋರಿಸುವುದು, ಫಾರಂ ತುಂಬಲು ಜೊತೆಗೆ ಕೂರುವುದು, ಅಲ್ಲಿಗೆ ಮುಗಿಯಿತು. ವಾಟ್ಸ್ಯಾಪ್ ಗುಂಪಿನಲ್ಲಿ ಯಾರ ಸುದ್ದಿಯೂ ಬರಕೂಡದು. ಒಂಟಿತನವೇ ದೊಡ್ಡ ತೊಂದರೆಯಾದವರಿಗೆ ಥೆರಪಿಗಿಂತ ಜಿಪಿ ಕೇಂದ್ರದ ಲಿಂಕ್ ವರ್ಕರ್ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅವರು ಜನರನ್ನು ಸಂಘದ ಭಜನೆಗೋ ವಾಕಿಂಗ್ ಗುಂಪಿಗೋ ಕಳಿಸಬಲ್ಲರು.

ಬಾಣಂತನಕ್ಕೆ ಊರಿನಿಂದ ಬಂದ ಅಮ್ಮ, ಅತ್ತೆಯರಿಗೆ ಒಂದು ವಿಷಯ ಗೊತ್ತಿರಬೇಕು. ಹೆರಿಗೆಯಾದ ಎರಡು ವಾರದೊಳಗೆ ಮಗಳು ನಿದ್ದೆಯಿಲ್ಲದೆ ಅಸಂಬದ್ಧ ಮಾತಾಡಿದರೆ, ಇಲ್ಲದ್ದು ಕಂಡಿತು, ಕೇಳಿಸಿತು ಎಂದರೆ ಅದು ದೃಷ್ಟಿ ತೆಗೆದು ಕಾಯುವ ಸಂಗತಿಯಲ್ಲ, ತುರ್ತು ಸ್ಥಿತಿ. 999ಕ್ಕೆ ಕರೆ ಮಾಡಬೇಕು, ಇಲ್ಲವೇ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು. ಬೇರೆ ಮಾನಸಿಕ ಬಿಕ್ಕಟ್ಟುಗಳಿಗೆ 111ಕ್ಕೆ ಕರೆ ಮಾಡಿ 2 ಒತ್ತಿದರೆ ಹಗಲೂ ರಾತ್ರಿಯೂ ಜನ ಸಿಗುತ್ತಾರೆ. ಊರಿಗೆ ಮರಳಿದ ಹಿರಿಯರಿಗೆ ಭಾರತ ಸರ್ಕಾರದ ಮನೋಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮನೋಆರೋಗ್ಯ ಸೇವೆಯನ್ನು ಜನರಿರುವಲ್ಲಿಗೇ ಒಯ್ಯುವ ಯೋಚನೆ ನಮಗೇನೂ ಹೊಸತಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ್ದೂ ಇಂಥದ್ದೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಎಷ್ಟು ಜನ ಬಂದರೆಂದು ಸೇವೆಯವರು ಕೇಳಿಯೇ ಕೇಳುತ್ತಾರೆ. ಅದಕ್ಕಾಗಿ ಸಂಘ ಹೆಸರಿನ ಪಟ್ಟಿ ಇಟ್ಟುಕೊಳ್ಳಬಾರದು. ‘ನಮ್ಮ ಬಗ್ಗೆ ಹೇಗೆ ತಿಳಿಯಿತು’ ಎಂದು ಫಾರಂನಲ್ಲಿ ಕೇಳಿದ್ದರೆ ಅಲ್ಲಿ ಸಂಘದ ಹೆಸರು ಬರೆಯಲು ಹೇಳಿದರಾಯಿತು, ಎಣಿಕೆ ಅವರೇ ಮಾಡಿಕೊಳ್ಳುತ್ತಾರೆ.